ಹಳೆ ಅಂಬಾಸಿಡರ್‌ನ ಡ್ಯಾಶ್‌ಬೋರ್ಡ್ ಬಿಚ್ಚುವ ಮೊದಲು

ಉಡುಪಿಯ ಮನೆಯಲ್ಲಿರುವ ಅಜ್ಜನ ಅಂಬಾಸಿಡರ್‌ನಲ್ಲಿ ಮೀಟರ್ ದೀಪ ಉರಿಯುತ್ತಿಲ್ಲ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕಾ ಎಂದು ಕೇಳಿದ್ದೀರಿ.

ಅವಸರ ಬೇಡ. ಮೊದಲು ಬಲ್ಬ್, ಫ್ಯೂಸ್, ಆಮೇಲೆ ಅರ್ತ್ ವೈರ್ (ಕಾರಿನ ಲೋಹದ ಮೈಗೆ ಜೋಡಿಸಿರುವ ವೈರ್) ನೋಡಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಅರ್ತ್ ಕೂರುವ ಜಾಗ ಬೇಗ ತುಕ್ಕು ಹಿಡಿಯುತ್ತದೆ. ಉಜ್ಜಿ ಬಿಗಿ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಬಿಚ್ಚಲೇಬೇಕು ಅಂದರೆ ಬ್ಯಾಟರಿಯ ಅರ್ತ್ ವೈರ್ ಮೊದಲು ತೆಗೆಯಿರಿ. ಸ್ಕ್ರೂಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಸ್ಪೀಡೋಮೀಟರ್ ಕೇಬಲನ್ನು ಹಿಂದಿನಿಂದ ಕೈ ಹಾಕಿ, ತಿರುಗಿಸಿ ಬಿಡಿಸಬೇಕು. ಸುಮ್ನೆ ಮೀಟರ್ ಹಿಡಿದು ಎಳೆದರೆ ಕೇಬಲ್ ಹೋಯಿತು ಅಂತಲೇ ಲೆಕ್ಕ. ಪ್ರತಿ ವೈರಿಗೂ ಟೇಪ್ ಸುತ್ತಿ ನಂಬರ್ ಬರೆಯಿರಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನಾನೊಮ್ಮೆ 'ನೆನಪಿರುತ್ತೆ ಬಿಡು' ಅಂದುಕೊಂಡು ಎರಡು ಭಾನುವಾರ ಕಳೆದುಕೊಂಡೆ!

ಸ್ವಿಚ್, ಗುಬುಟುಗಳ ಮೇಲೆ ಬಲ ಹಾಕಬೇಡಿ. 2014ರಲ್ಲೇ ಈ ಕಾರಿನ ತಯಾರಿಕೆ ನಿಂತಿದೆ, ಮುರಿದರೆ ಹುಡುಕಾಟ ಜಾಸ್ತಿ. ವೈರಿನ ಮೇಲಿನ ಹೊದಿಕೆ ಪುಡಿಯಾಗುತ್ತಿದ್ದರೆ ಈಗಲೇ ಬದಲಿಸಿ. ಮರಳಿ ಜೋಡಿಸುವ ಮುಂಚೆ ಮುಂದಿನ ಗಾಜಿನ ಮೇಲೆ ಒಂದು ಕೊಡ ನೀರು ಸುರಿದು, ಬೀಡಿಂಗ್ (ಗಾಜಿನ ಸುತ್ತಲಿನ ರಬ್ಬರ್ ಪಟ್ಟಿ) ಸೋರುತ್ತಾ ನೋಡಿಬಿಡಿ.