ನೆದರ್ಲೆಂಡ್ಸ್ ಹಳ್ಳಿಯಲ್ಲಿ ಮನೆ ತಗೊಳ್ಳೋರಿಗೆ: ಅಡುಗೆಮನೆ ಆಮೇಲೆ, ಮೊದಲು ನೆಲ

ಮೇಡಂ, ನಿಮ್ಮ ಪ್ರಶ್ನೆ ಬೆಳಗ್ಗೆಯೇ ನೋಡಿದ್ದೆ. ಎರಡು ಸಾಲಿನಲ್ಲಿ ಮುಗಿಯುವ ಉತ್ತರ ಅಲ್ಲ ಅಂತ ರಾತ್ರಿಗೆ ಇಟ್ಟುಕೊಂಡೆ. ನೀವು ಕೇಳಿದ್ದು ಇಷ್ಟು: ಯಜಮಾನರ ಆಫೀಸು ಉಟ್ರೆಕ್ಟ್‌ನಲ್ಲಿ. ಫ್ಲಾಟ್ ಸಾಕಾಗಿದೆ, ಗದ್ದಲ ಇಲ್ಲದ ಹಳ್ಳಿಯಲ್ಲಿ ಹಿತ್ತಲು ಇರುವ ಮನೆ ಬೇಕು, ಮೆಂತ್ಯ, ದಂಟು, ಮೆಣಸಿನಕಾಯಿ ಬೆಳೆಯಬೇಕು. ಎರಡು ಮನೆ ಕಣ್ಣಿಗೆ ಬಿದ್ದಿವೆ. ಒಂದು ವುರ್ಡನ್ ಹತ್ತಿರದ ಹಳ್ಳಿಯಲ್ಲಿ, 1930ರ ದಶಕದ್ದು, ಹಿತ್ತಲ ಕೊನೆಯಲ್ಲಿ ಕಾಲುವೆ. ಇನ್ನೊಂದು ಬ್ರಬಾಂಟ್ ಪ್ರಾಂತ್ಯದಲ್ಲಿ, ಡೆನ್ ಬಾಸ್ ನಗರದ ದಕ್ಷಿಣಕ್ಕಿರುವ ಹಳ್ಳಿಯಲ್ಲಿ, 1974ರ ಸಾಲುಮನೆಗಳ ಕೊನೇ ಮನೆ. ಮೊದಲನೆಯದು ಫೋಟೋದಲ್ಲಿ ಕಣ್ಣಿಗೆ ಹಬ್ಬ, ಎರಡನೆಯದರ ಅಡುಗೆಮನೆ ಹಳೇದು. ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ.

ನಾನು ಬ್ರಬಾಂಟ್ ಹಳ್ಳಿಯಲ್ಲೇ ಮನೆ ತಗೊಂಡವನು, ಹಾಗಾಗಿ ಸ್ವಲ್ಪ ಪಕ್ಷಪಾತ ಇರಬಹುದು. ಆದರೂ ಹೇಳುತ್ತೇನೆ. ಅಡುಗೆಮನೆ ಯಾವಾಗ ಬೇಕಾದರೂ ಬದಲಾಯಿಸಬಹುದು. ಮನೆ ಕೆಳಗಿನ ನೆಲ ಬದಲಾಯಿಸೋಕಾಗಲ್ಲ.

ವುರ್ಡನ್ ಸುತ್ತಮುತ್ತ ಇರುವುದು ಕೊಳೆತ ಗಿಡಗಂಟಿಯಿಂದಾದ ಕಪ್ಪು ಜವುಗು ಮಣ್ಣು, ಇಲ್ಲಿಯವರು ವೇನ್ ಅನ್ನುತ್ತಾರೆ. ಮಧ್ಯಯುಗದಿಂದಲೂ ಅದರ ನೀರು ಬಸಿದು ಬಸಿದು ಹುಲ್ಲುಗಾವಲು ಮಾಡಿಕೊಂಡಿದ್ದಾರೆ. ನೀರು ಇಳಿದಷ್ಟೂ ಆ ಮಣ್ಣು ಗಾಳಿಗೆ ಸಿಕ್ಕಿ ಕರಗುತ್ತದೆ, ಕುಗ್ಗುತ್ತದೆ. ಹಳೇ ಮನೆಗಳು ಸಾಮಾನ್ಯವಾಗಿ ಮರದ ಕಂಬಗಳ ಮೇಲೆ ನಿಂತಿವೆ. ಕಂಬ ನೀರಲ್ಲಿ ಮುಳುಗಿರುವ ತನಕ ಅದಕ್ಕೆ ಆಯಸ್ಸು ಜಾಸ್ತಿ. ಅಂತರ್ಜಲ ಇಳಿದು ಕಂಬದ ತಲೆ ಗಾಳಿಗೆ ತೆರೆದುಕೊಂಡಿತೋ, ಬೂಷ್ಟು ಹಿಡಿದು ಕೊಳೆಯಲು ಶುರು. 2018ರಂಥ ಬರದ ಬೇಸಿಗೆಗಳು ಬಂದ ಮೇಲೆ ಈ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಅಡಿಪಾಯ ರಿಪೇರಿಗೆ ಲಕ್ಷ ಯೂರೋ ದಾಟುವುದೂ ಉಂಟು. ಸಾಮಾನ್ಯ ಮನೆ ವಿಮೆ ಇದಕ್ಕೆ ದುಡ್ಡು ಕೊಡಲ್ಲ.

ನಾವೂ ಮೊದಲು ಅಂಥದ್ದೇ ಒಂದು ಮನೆಗೆ ಮನಸೋತಿದ್ದೆವು. ನೋಡಲು ಹೋದಾಗ ಹಿತ್ತಲ ಬಾಗಿಲಿಗೆ ಮೂರು ಮೆಟ್ಟಿಲು ಇತ್ತು. ಕೆಳಗಿನ ಮೆಟ್ಟಿಲ ಸಿಮೆಂಟು ಹೊಸದು, ಮೇಲಿನದಕ್ಕೆ ಪಾಚಿ. "ಎರಡೇ ಇತ್ತಾ ಮೊದಲು?" ಅಂತ ಸುಮ್ನೆ ಕೇಳಿದೆ. ಮಾರುವ ಅಜ್ಜ ನಕ್ಕು, "ಮದುವೆಯಾಗಿ ಬಂದಾಗ ಒಂದೇ ಇತ್ತು" ಅಂದರು. ಮನೆ ಕಂಬದ ಮೇಲೆ ನಿಂತಲ್ಲೇ ನಿಂತಿದೆ, ಹಿತ್ತಲು ಕೆಳಗೆ ಹೋಗಿದೆ! ಆ ಕಡೆ ಕೆಲವು ವರ್ಷಕ್ಕೊಮ್ಮೆ ಲೋಡುಗಟ್ಟಲೆ ಮಣ್ಣು ತರಿಸಿ ಹಿತ್ತಲು ಎತ್ತರಿಸುವುದು ಮಾಮೂಲಿ ಖರ್ಚು. ತರಕಾರಿ ಮಡಿ ಮಾಡುವ ನಿಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಆ ಮನೆ ಬೇಡವೇ ಬೇಡ ಅನ್ನಲ್ಲ. ಅಡಿಪಾಯದ ಪರೀಕ್ಷೆ ಆಗಿದೆಯಾ, ವರದಿ ಇದೆಯಾ ಕೇಳಿ. ಅಕ್ಕಪಕ್ಕದ ಮನೆಯವರು ರಿಪೇರಿ ಮಾಡಿಸಿದ್ದಾರಾ ವಿಚಾರಿಸಿ. ಗೋಡೆಯಲ್ಲಿ ಮೆಟ್ಟಿಲು ಆಕಾರದ ಬಿರುಕು, ತಾನಾಗಿ ತೆರೆದುಕೊಳ್ಳುವ ಬಾಗಿಲು, ನೆಲದ ಮೇಲೆ ಗೋಲಿ ಇಟ್ಟರೆ ಒಂದೇ ಕಡೆ ಉರುಳುವುದು ಇವನ್ನೆಲ್ಲ ನೋಡಿ. ಗೋಲಿ ತಗೊಂಡು ಹೋಗಲು ನಾಚಿಕೆ ಬೇಡ, ನಾನು ತಗೊಂಡು ಹೋಗಿದ್ದೆ. 1930ರ ದಶಕದ ಮನೆ ಅಂದರೆ ಕುಡಿಯುವ ನೀರಿಗೆ ಸೀಸದ ಪೈಪ್ ಉಳಿದಿದೆಯಾ ಅಂತಲೂ ಕೇಳಲೇಬೇಕು. 1960ರ ತನಕ ಅದನ್ನೇ ಹಾಕುತ್ತಿದ್ದರು.

ಈಗ ಬ್ರಬಾಂಟ್ ಮನೆ. ಅಲ್ಲಿ ಮರಳು ನೆಲ. ಮಾಕೆಲಾರ್, ಅಂದರೆ ಮನೆ ಏಜೆಂಟು, ನಮಗೆ ತೋರಿಸುವಾಗ "ಫುಂಡೇರಿಂಗ್ ಓಪ್ ಸ್ಟಾಲ್" ಅಂದರು. ಸ್ಟಾಲ್ ಅಂದರೆ ಸ್ಟೀಲು ತಾನೇ, ಉಕ್ಕಿನ ಅಡಿಪಾಯ ಅಂತ ಹಿಗ್ಗಿದೆ. ಉಕ್ಕೂ ಇಲ್ಲ ಏನೂ ಇಲ್ಲ. ಕಂಬ ಇಲ್ಲದೆ ಗಟ್ಟಿ ಮರಳಿನ ಮೇಲೆ ನೇರವಾಗಿ ಕೂರಿಸಿದ ಅಡಿಪಾಯಕ್ಕೆ ಹಾಗೆ ಹೇಳುತ್ತಾರೆ. ಮರಳಿನ ಮೇಲೆ ಅದು ಸಾಕು.

ಆದರೆ ತೋಟಕ್ಕೆ ಮರಳು ಹುಳಿ, ಬಡವು, ನೀರು ನಿಲ್ಲಲ್ಲ. ಬೇಸಿಗೆಯಲ್ಲಿ ಎರಡು ವಾರ ಮಳೆ ಹೋದರೆ ದಂಟು ತಲೆ ಬಾಗಿಸಿ ನಿಲ್ಲುತ್ತದೆ. ಇಲ್ಲೊಂದು ಗುಟ್ಟಿದೆ. ಹಳೇ ಊರಿನ ನಡುಭಾಗಕ್ಕೆ ಹತ್ತಿರ ಇರುವ ಜಾಗಗಳಲ್ಲಿ ಮೇಲೆ ಅರ್ಧ ಮೀಟರ್‌ಗಿಂತ ಜಾಸ್ತಿ ಕಪ್ಪು ಮಣ್ಣು ಸಿಗುತ್ತದೆ. ಅದು ದೇವರು ಕೊಟ್ಟಿದ್ದಲ್ಲ, ರೈತರು ಮಾಡಿದ್ದು. ಕುರುಚಲು ಬಯಲಿನಿಂದ ಹುಲ್ಲುಬೇರಿನ ಹೆಂಟೆ ಕಿತ್ತು ತಂದು ಕೊಟ್ಟಿಗೆಗೆ ಹಾಸುತ್ತಿದ್ದರು. ಸಗಣಿ ಗಂಜಲ ಬೆರೆತ ಮೇಲೆ ಅದನ್ನು ಹೊಲಕ್ಕೆ ಹಾಕುತ್ತಿದ್ದರು. ನೂರಾರು ವರ್ಷ ಹೀಗೆ ಮಾಡಿ ಹೊಲವೇ ಎತ್ತರವಾಗಿದೆ. ನಮ್ಮ ಶಿರಸಿ ಕಡೆ ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡಿ ಅಡಿಕೆ ಬುಡಕ್ಕೆ ಹಾಕುತ್ತೀವಲ್ಲ, ಥೇಟ್ ಅದೇ. ನಾನು ಮೊದಲ ಸಲ ಹಿತ್ತಲಲ್ಲಿ ಗುದ್ದಲಿ ಹಾಕಿದಾಗ ಮೊಣಕಾಲುದ್ದ ಕಪ್ಪು ಮಣ್ಣೇ ಬಂತು. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. "ಮನೆ ತೋರಿಸೋ ಅಂದರೆ ಗುಂಡಿ ತೋರಿಸ್ತೀಯಲ್ಲೋ" ಅಂದರು.

ನಿಮ್ಮ 1974ರ ಬಡಾವಣೆಯಲ್ಲಿ ಆ ಮೇಲ್ಮಣ್ಣು ಉಳಿದಿದೆಯೋ, ಮನೆ ಕಟ್ಟುವಾಗ ಎತ್ತಿ ಬರೀ ಮರಳು ತುಂಬಿದ್ದಾರೋ, ಅಗೆದು ನೋಡಿದರೇ ಗೊತ್ತಾಗುವುದು. ಮಾಲೀಕರನ್ನು ಕೇಳಿ ಒಂದು ಮೂಲೆಯಲ್ಲಿ ಸಣ್ಣ ಗುಂಡಿ ತೆಗೆಯಿರಿ. ಹಳೇ ಮನೆಗಳ ಹಿತ್ತಲಲ್ಲಿ ಕೆಲವೊಮ್ಮೆ ಹೀಟರ್ ಎಣ್ಣೆಯ ಟ್ಯಾಂಕ್ ಹೂತಿರುತ್ತದೆ. ಅದು ಸೋರಿದ್ದರೆ ಅಲ್ಲಿ ಸೊಪ್ಪು ಬೆಳೆದು ತಿನ್ನುವ ಹಾಗಿಲ್ಲ. ಮಾರುವವರು ತುಂಬಿಕೊಡುವ ಪ್ರಶ್ನಾವಳಿಯಲ್ಲಿ ಈ ಟ್ಯಾಂಕಿನ ಕಾಲಂ ನೋಡಿ. ಸಾಮಾನು ಇಡುವ ಶೆಡ್ಡಿಗೆ ಬೂದು ಬಣ್ಣದ ಸುಕ್ಕುಶೀಟು ಇದ್ದರೆ ಅದು ಆಸ್ಬೆಸ್ಟಾಸ್ ಇರಬಹುದು. 1993ರಲ್ಲಿ ನಿಷೇಧ ಆಗುವ ತನಕ ಎಲ್ಲ ಕಡೆ ಹಾಕಿದ್ದಾರೆ. ತೆಗೆಸುವ ಖರ್ಚು ನಿಮ್ಮ ತಲೆಗೆ ಬರುತ್ತದೆ, ಬೆಲೆ ಮಾತಾಡುವಾಗ ಎತ್ತಿ.

ಮನೆ ಒಳಗೆ ಹೋದ ಕೂಡಲೇ ಕಾಲೊರೆಸುವ ಮ್ಯಾಟ್ ಎತ್ತಿ ನೋಡಿ. ತಮಾಷೆ ಅಲ್ಲ. ಮುಂಬಾಗಿಲ ಹಿಂದೆ ನೆಲದಲ್ಲೊಂದು ಮುಚ್ಚಳ ಇರುತ್ತದೆ, ಕ್ರಾಯ್ಪ್‌ಲಾಯ್ಕ್ ಅಂತಾರೆ. ಅದರ ಕೆಳಗೆ ಮನುಷ್ಯ ತೆವಳಿಕೊಂಡು ಹೋಗುವಷ್ಟು ಜಾಗ. ಟಾರ್ಚ್ ಬಿಟ್ಟು ನೋಡಿದರೆ ಫೋಟೋಗಳು ಹೇಳದ್ದೆಲ್ಲ ಅಲ್ಲಿ ಕಾಣುತ್ತದೆ. ನೀರು ನಿಂತಿದೆಯಾ, ಮರದ ತೊಲೆ ಮೆತ್ತಗಾಗಿದೆಯಾ, ಕೆಳಗಿನಿಂದ ಥರ್ಮೋಕೋಲ್ ಥರದ್ದೇನಾದರೂ ಹೊದಿಸಿದ್ದಾರಾ. ನಾವು ನೋಡಿದ ಒಂದು ಮನೆಯಲ್ಲಿ ಮುಚ್ಚಳದ ಮೇಲೇ ಲ್ಯಾಮಿನೇಟ್ ಹೊಡೆದು ಮುಚ್ಚಿಬಿಟ್ಟಿದ್ದರು. ಅಲ್ಲಿಂದಲೇ ವಾಪಸ್ ಬಂದೆವು.

ನೋಡಲು ಬಿಡುವುದೇ ಹದಿನೈದು ಇಪ್ಪತ್ತು ನಿಮಿಷ. ಹಾಗಾಗಿ ಊರನ್ನು ನೀವೇ ಬೇರೆ ಬೇರೆ ಹೊತ್ತಲ್ಲಿ ಹೋಗಿ ನೋಡಬೇಕು. "ಪ್ರಶಾಂತ ಹಳ್ಳಿ" ಅಂತ ಮನೆ ಮಾರಾಟದ ವೆಬ್‌ಸೈಟ್ ಫುಂಡಾದಲ್ಲಿ ಬರೆದಿರುವುದನ್ನು ನಂಬಬೇಡಿ. ಫೆಬ್ರುವರಿ ಮಧ್ಯದಿಂದ ಹುಲ್ಲುಗಾವಲಿಗೆ ಸಗಣಿ ಬಗ್ಗಡ ಬಿಡಲು ಶುರು ಮಾಡುತ್ತಾರೆ, ಆ ವಾರ ಬಟ್ಟೆ ಹೊರಗೆ ಒಣಗಿಸುವ ಹಾಗಿಲ್ಲ. ನನಗೆ ಕೊಟ್ಟಿಗೆ ವಾಸನೆ ಹಿತ, ಹೆಂಡತಿಗೆ ಅಲ್ಲ. ಚರ್ಚಿನ ಗಂಟೆ ರಾತ್ರಿಯೂ ಹೊಡೆಯುತ್ತದೆಯಾ ಕೇಳಿ. ಬ್ರಬಾಂಟ್‌ನಲ್ಲಿ ಕಾರ್ನಾವಲ್ ಹಬ್ಬ ಬಂದರೆ ಇಡೀ ಹಳ್ಳಿ ಹೆಸರು ಬದಲಾಯಿಸಿಕೊಂಡು ಕುಣಿಯುತ್ತದೆ, ಆ ನಾಲ್ಕು ದಿನ ಪ್ರಶಾಂತ ಎಂಬ ಮಾತೇ ಇಲ್ಲ. ಸ್ಟಾಪ್‌ಹೋರ್ಸ್ಟ್ ಥರದ, ಧರ್ಮದ ವಿಷಯದಲ್ಲಿ ಕಟ್ಟುನಿಟ್ಟಿನ ಊರುಗಳಲ್ಲಿ ಇದಕ್ಕೆ ತದ್ವಿರುದ್ಧ, ಭಾನುವಾರ ಹುಲ್ಲು ಕತ್ತರಿಸುವ ಮಶೀನು ತೆಗೆದರೆ ಪಕ್ಕದವರ ಮುಖ ಗಂಟು. ಐಂಡ್‌ಹೋವನ್ ಕಡೆ ಹುಡುಕುವವರು ವಿಂಟೆಲ್ರೆ ಥರದ ಊರುಗಳಲ್ಲಿ ಅಂಗಳದಲ್ಲಿ ಅರ್ಧ ಗಂಟೆ ನಿಂತು ವಿಮಾನ ಎಣಿಸಿ.

ಬಸ್ಸು ಇದೆಯಾ ಅಂತ ಅಷ್ಟೇ ಅಲ್ಲ, ಭಾನುವಾರ ಇದೆಯಾ ಅಂತ ನೋಡಿ. ಕೆಲವು ಹಳ್ಳಿಗೆ ಬರುವುದು ಬುರ್ಟ್‌ಬಸ್ ಒಂದೇ. ಊರವರೇ ಸರದಿ ಮೇಲೆ, ಸಂಬಳ ಇಲ್ಲದೆ ಓಡಿಸುವ ಎಂಟು ಸೀಟಿನ ವ್ಯಾನ್. ನಮ್ಮೂರಲ್ಲಿ ಅದನ್ನು ಓಡಿಸುವವರು ನಿವೃತ್ತ ಹೆಡ್‌ಮಾಸ್ಟರು. ಮಗಳ ಡಚ್ ವ್ಯಾಕರಣ ತಿದ್ದಿದ್ದೂ ಅವರೇ. ಹಳ್ಳಿಯ ಡಾಕ್ಟರು ಹೊಸ ಪೇಷಂಟ್ ತಗೊಳ್ಳುತ್ತಾರಾ ಅಂತ ಸಹಿ ಹಾಕುವ ಮೊದಲೇ ಫೋನ್ ಮಾಡಿ. ಡೆನ್ ಬಾಸ್ ಸ್ಟೇಷನ್ನಿಗೆ ಸೈಕಲ್ ದೂರ ಇದ್ದರೆ ಯಜಮಾನರ ಚಿಂತೆ ಬಿಡಿ, ಅಲ್ಲಿಂದ ಉಟ್ರೆಕ್ಟ್‌ಗೆ ಅರ್ಧ ಗಂಟೆ.

ದುಡ್ಡಿನ ವಿಷಯ. ಬೆಲೆ ಪಕ್ಕದಲ್ಲಿ ಕೆ.ಕೆ. ಅಂತ ಇರುತ್ತದೆ, ಕೋಸ್ಟನ್ ಕೋಪರ್, ಅಂದರೆ ಮೇಲಿನ ಖರ್ಚೆಲ್ಲ ಕೊಳ್ಳುವವರದ್ದು. ವರ್ಗಾವಣೆ ತೆರಿಗೆ 2%, ನಿಮ್ಮ 4.5 ಲಕ್ಷದ ಮನೆಗೆ 9,000 ಯೂರೋ. ಆದರೆ 35 ತುಂಬದವರು ಒಂದು ಸಲ ಇದರಿಂದ ತಪ್ಪಿಸಿಕೊಳ್ಳಬಹುದು. ಮನೆ ಬೆಲೆಗೆ ಮಿತಿ ಇದೆ, 2025ರಲ್ಲಿ 5,25,000 ಯೂರೋ ಇತ್ತು, ವರ್ಷ ವರ್ಷ ಬದಲಾಗುತ್ತದೆ. ಲೆಕ್ಕಕ್ಕೆ ಬರುವುದು ಒಪ್ಪಂದಕ್ಕೆ ಸಹಿ ಹಾಕಿದ ದಿನದ ವಯಸ್ಸಲ್ಲ, ನೋಟಾರಿಸ್, ಅಂದರೆ ಆಸ್ತಿ ಪತ್ರ ಮಾಡಿಕೊಡುವ ನೋಟರಿ, ಅವರ ಮುಂದೆ ಮನೆ ನಿಮ್ಮ ಹೆಸರಿಗಾಗುವ ದಿನದ್ದು. ಯಜಮಾನರಿಗೆ 34 ಅಂದಿರಿ, ಹುಟ್ಟಿದಹಬ್ಬ ಯಾವಾಗ ನೋಡಿ ತಾರೀಕು ಇಡಿಸಿ. ಒಬ್ಬರಿಗೆ 35 ದಾಟಿ ಇನ್ನೊಬ್ಬರಿಗೆ ದಾಟಿರದಿದ್ದರೆ, ದಾಟಿದವರ ಪಾಲಿಗಷ್ಟೇ ತೆರಿಗೆ.

ಬ್ಯಾಂಕು ಸಾಲ ಕೊಡುವುದು ಮೌಲ್ಯಮಾಪಕರು ಹೇಳಿದ ಬೆಲೆಯ 100% ತನಕ. ಮನೆಗೆ ನಾಲ್ಕೂವರೆ ಲಕ್ಷ ಅಂತ ಅವರು ಬರೆದು, ನೀವು ಪೈಪೋಟಿಯಲ್ಲಿ 4.8 ಲಕ್ಷ ಕೂಗಿದ್ದರೆ, ಆ 30,000 ನಿಮ್ಮ ಜೇಬಿಂದ. ಎರಡು ಮನೆ ಕೈತಪ್ಪಿದ ಹುಮ್ಮಸ್ಸಿನಲ್ಲಿ ನಾವು ಮೂರನೆಯದಕ್ಕೆ ಹೀಗೆ ಕೂಗಿ, ಊರಿನಿಂದ ತಂದಿದ್ದ ಉಳಿತಾಯ ಮುರಿದೆವು. ಮಾರುವವರ ಮಾಕೆಲಾರ್ ಎಷ್ಟೇ ಸಿಹಿ ಮಾತಾಡಲಿ, ಅವರು ಅವರ ಕಡೆಯವರು. ನಿಮ್ಮ ಕಡೆಗೊಬ್ಬರು ಮಾಕೆಲಾರ್ ಇಟ್ಟುಕೊಳ್ಳಿ.

ಬಿಡ್ ಹಾಕುವಾಗಲೇ ಎರಡು ಷರತ್ತು ಬರೆಸಿ: ಸಾಲ ಸಿಗದಿದ್ದರೆ ಬಿಡುತ್ತೇವೆ, ಕಟ್ಟಡ ತಪಾಸಣೆಯಲ್ಲಿ ದೊಡ್ಡ ದೋಷ ಬಂದರೆ ಬಿಡುತ್ತೇವೆ. ಗೆಲ್ಲಬೇಕು ಅಂತ ಷರತ್ತು ಬಿಟ್ಟುಬಿಡುವವರು ಇದ್ದಾರೆ. 1930ರ ದಶಕದ ಮನೆಗೆ ನೀವು ಹಾಗೆ ಮಾಡಿದರೆ ನಾನು ನಿಮ್ಮ ಜೊತೆ ಮಾತು ಬಿಡುತ್ತೇನೆ. ಸಹಿಯಾದ ಒಪ್ಪಂದದ ಪ್ರತಿ ಕೈಗೆ ಬಂದ ಮರುದಿನದಿಂದ ಮೂರು ದಿನ ಕಾರಣ ಕೊಡದೆ ಹಿಂದೆ ಸರಿಯಬಹುದು. ಆಮೇಲೆ ಸುಮ್ಮನೆ ಕೈಬಿಟ್ಟರೆ ದಂಡ ಸಾಮಾನ್ಯವಾಗಿ ಬೆಲೆಯ 10%. ನೋಟಾರಿಸ್ ಪತ್ರ ಓದುವಾಗ ನಿಮಗೆ ಡಚ್ ಅರ್ಥವಾಗದಿದ್ದರೆ ಪ್ರಮಾಣ ಮಾಡಿದ ದುಭಾಷಿ ಬೇಕಾಗುತ್ತದೆ, ಅದರ ಖರ್ಚೂ ನಿಮ್ಮದೇ.

ಬಿಟ್ಟು ಹೋಗುವ ಸಾಮಾನಿನ ಪಟ್ಟಿ ಅಂತ ಒಂದು ಕಾಗದ ಕೊಡುತ್ತಾರೆ. ಪರದೆ, ಲ್ಯಾಮಿನೇಟ್ ನೆಲ ಎಲ್ಲ ಅದರಲ್ಲಿರುತ್ತದೆ. ತೋಟದವರಾದ ನಾವು ಅದರ ಕೊನೇ ಪುಟ ಓದಬೇಕು. ಗಿಡ ಬೆಳೆಸುವ ಗಾಜಿನ ಮನೆ, ಮಳೆನೀರಿನ ಡ್ರಮ್ಮು ಅಲ್ಲಿ ಬರೆದಿದೆಯಾ? ಬೀಗದ ಕೈ ತಗೊಳ್ಳಲು ಹೋದ ದಿನ ನಮ್ಮ ಗಾಜಿನ ಮನೆ ಇದ್ದ ಕಡೆ ನಾಲ್ಕು ಇಟ್ಟಿಗೆ ಮಾತ್ರ ಇತ್ತು. ತಪ್ಪು ನನ್ನದೇ, ಪಟ್ಟಿ ನೋಡಿರಲಿಲ್ಲ.

ಇನ್ನೊಂದು ತಪ್ಪೂ ಹೇಳಿಬಿಡುತ್ತೇನೆ. ಬಂದ ವರ್ಷವೇ ಬೇಲಿಗೆ ಒಂದು ಮೀಟರ್ ಬಿಟ್ಟು ಚೆರ್ರಿ ಮರ ನೆಟ್ಟೆ. ಪಕ್ಕದ ಮನೆಯವರು ಕಾಫಿಗೆ ಕರೆದು, ಬಿಸ್ಕೆಟ್ಟೂ ಕೊಟ್ಟು, ಆಮೇಲೆ ಮೆಲ್ಲಗೆ ಹೇಳಿದರು: ಮರ ಅಂದರೆ ಗಡಿಯಿಂದ ಎರಡು ಮೀಟರ್, ಬೇಲಿಗಿಡ ಅಂದರೆ ಅರ್ಧ ಮೀಟರ್. ಪುರಸಭೆ ಬೇರೆ ನಿಯಮ ಮಾಡಿರದಿದ್ದರೆ ಕಾನೂನೇ ಹಾಗಿದೆ. ಮರ ಕಿತ್ತು ನೆಟ್ಟೆ, ಬದುಕಿಕೊಂಡಿತು. ಮನೆಗೆ ಹೋದ ವಾರವೇ ಅಕ್ಕಪಕ್ಕದ ಬಾಗಿಲು ತಟ್ಟಿ ಹೆಸರು ಹೇಳಿ ಬನ್ನಿ. ಹಳ್ಳಿಯಲ್ಲಿ ಹೊಸಬರೇ ಮೊದಲು ಹೋಗಬೇಕು.

ಮೆಣಸಿನಕಾಯಿ ಸಸಿ ಮೇ 15ರ ತನಕ ಹೊರಗೆ ಇಡಬೇಡಿ. 11ರಿಂದ ಐಸ್‌ಹೇಲಿಖನ್, ಮಂಜಿನ ಸಂತರ ದಿನಗಳು ಅಂತಾರೆ, ಅದು ಕಳೆದ ಮೇಲೇ ಇಲ್ಲಿನ ಅಜ್ಜಂದಿರು ಟೊಮೇಟೊ ಹೊರಗೆ ತರುವುದು. ಹಿತ್ತಲು ದಕ್ಷಿಣಕ್ಕೆ ಮುಖ ಮಾಡಿದೆಯಾ ಅಂತ ಫೋನಿನ ಕಂಪಾಸ್ ಹಿಡಿದು ನೋಡಿ. ಉತ್ತರದ ಹಿತ್ತಲಾದರೆ ಮನೆಯದೇ ನೆರಳು ಬಿದ್ದು ಮೆಂತ್ಯವೂ ಕಡ್ಡಿಯಾಗುತ್ತದೆ.

ನನ್ನ ಮತ ಬ್ರಬಾಂಟ್ ಮನೆಗೆ. ವುರ್ಡನ್ ಮನೆಯ ಅಡಿಪಾಯದ ವರದಿ ಚೆನ್ನಾಗಿದೆ ಅಂತ ಕಾಗದ ಕೈಗೆ ಬಂದರೆ ಮತ್ತೆ ಯೋಚಿಸೋಣ. ಶನಿವಾರ ನೋಡಲು ಹೋಗುವಾಗ ಟಾರ್ಚು, ಗೋಲಿ, ಸಣ್ಣ ಗುದ್ದಲಿ ಚೀಲದಲ್ಲಿರಲಿ. ಮ್ಯಾಟ್ ಕೆಳಗಿನ ಫೋಟೋ ಮತ್ತು ಗುಂಡಿಯ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.