ಕಡಲು ಹಸಿರಾದರೆ ಬಲೆ ತುಂಬುತ್ತದೆಯೇ?

ಪ್ರಶ್ನೆ: ಉಪಗ್ರಹದ ನಕ್ಷೆಯಲ್ಲಿ ಕಡಲು ಹಸಿರಾಗಿ ಕಂಡರೆ ಅಲ್ಲಿ ಪ್ಲಾಂಕ್ಟನ್ (ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಜಾಸ್ತಿ ಅಂತಾರೆ. ಹಾಗಾದರೆ ಮೀನೂ ಜಾಸ್ತಿ ಸಿಗಬೇಕಲ್ವಾ? ಎಷ್ಟೋ ಸಲ ಬೋಟು ಖಾಲಿ ಬರುತ್ತದಲ್ಲ, ಯಾಕೆ?
– ಓದುಗರು, ಮಲ್ಪೆ

ಉತ್ತರ: ಮೇವು ಹೆಚ್ಚಿದ್ದರೆ ಮೀನು ಹೆಚ್ಚುವುದು ನಿಜ. ಆದರೆ ಅಲ್ಲೇ, ಅವತ್ತೇ ಸಿಗಬೇಕೆಂದಿಲ್ಲ.

ನಮ್ಮ ಕಡಲಿಗೆ ಮೇವಿನ ಕಾಲ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳುತ್ತದೆ. ಆ ಜಾಗಕ್ಕೆ ಅಡಿಯ ತಣ್ಣೀರು ಏರಿ ಬರುತ್ತದೆ. ಅದರಲ್ಲಿರುವ ನೈಟ್ರೇಟ್, ಫಾಸ್ಫೇಟ್‌ಗೆ ಬಿಸಿಲೂ ಸೇರಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಕೆಲವೇ ದಿನಗಳಲ್ಲಿ ಹಲವು ಪಟ್ಟು ಬೆಳೆಯುತ್ತದೆ. ನಕ್ಷೆಯ ಹಸಿರು ಇದೇ. ಆದರೆ ಆ ತಣ್ಣೀರಿನಲ್ಲಿ ಆಮ್ಲಜನಕ ಕಡಿಮೆ. ಅದು ದಡದ ಹತ್ತಿರ ಬಂದಾಗ ತಳದ ಮೀನು ಜಾಗ ಬಿಡುತ್ತದೆ. ಹಸಿರಿದ್ದೂ ಬಲೆ ಖಾಲಿಯಾಗುವುದಕ್ಕೆ ಇದೊಂದು ಕಾರಣ.

ಯಾವ ಮೀನು ಅನ್ನುವುದೂ ಮುಖ್ಯ. ಒಂದು ಬೂತಾಯಿ (ಸಾರ್ಡೀನ್) ಮೀನಿನ ಕಿವಿರು ಬಿಡಿಸಿ ನೋಡಿ. ಒಳಗೆ ಬಾಚಣಿಗೆಯಂತೆ ಒತ್ತಾದ ಎಳೆಗಳಿರುತ್ತವೆ. ಅದು ನೀರು ಸೋಸಿ ಪಾಚಿಯನ್ನೇ ನೇರವಾಗಿ ತಿನ್ನಬಲ್ಲದು. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಪಾಚಿ ಹೆಚ್ಚಿದ್ದರೆ ಬೂತಾಯಿಯೂ ಹೆಚ್ಚು ಎಂದು ನಾಯರ್ ಮತ್ತು ಸುಬ್ರಹ್ಮಣ್ಯನ್ ಎಂಬ ವಿಜ್ಞಾನಿಗಳು 1955ರಲ್ಲೇ ಬರೆದಿದ್ದರು. ದೊಡ್ಡ ಬೇಟೆ ಮೀನಾದ ಅಂಜಲ್ ಹಾಗಲ್ಲ. ಪಾಚಿಯನ್ನು ಸೂಕ್ಷ್ಮ ಪ್ರಾಣಿ, ಅದನ್ನು ಸಣ್ಣ ಮೀನು, ಸಣ್ಣ ಮೀನನ್ನು ಅಂಜಲ್ ತಿನ್ನಬೇಕು. ಒಂದೊಂದು ಮೆಟ್ಟಿಲಲ್ಲೂ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಮೈಗೂಡುತ್ತದೆ. ಅಂದರೆ 1,000 ಕಿಲೋ ಪಾಚಿಯಿಂದ 1 ಕಿಲೋ ಅಂಜಲ್!

ಇನ್ನು ಸಮಯದ ಮಾತು. ಬೂತಾಯಿ ಮೊಟ್ಟೆ ಇಡುವುದೂ ಮಳೆಗಾಲದಲ್ಲೇ. ಮರಿ ಹೊರಬಂದ ಮೊದಲ ದಿನಗಳಲ್ಲೇ ಮೇವು ಸಿಗದಿದ್ದರೆ ಅದು ಉಳಿಯುವುದಿಲ್ಲ. ಉಳಿದದ್ದು ಬಲೆಗೆ ಬರುವುದು ಎಷ್ಟೋ ತಿಂಗಳ ಮೇಲೆ. ಹಾಗಾಗಿ ಇವತ್ತಿನ ಹಸಿರನ್ನು ಇವತ್ತಿನ ಬಲೆಯ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಮೇವಿದ್ದರೂ ತಿನ್ನುವ ಮೀನು ಉಳಿದಿರಬೇಕಲ್ಲ? ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ 3,500 ಟನ್ ಕೂಡ ಸಿಗಲಿಲ್ಲ. ಕಡಲು ಬಿಸಿಯಾದದ್ದರ ಜೊತೆಗೆ ಮರಿಗಳನ್ನೂ ಬಿಡದೆ ಬಾಚಿದ್ದೂ ಇದಕ್ಕೆ ಕಾರಣ. ನನಗೆ ಹೆಚ್ಚು ನೋವು ಕೊಡುವುದು ಇದೇ, ಏಕೆಂದರೆ ಇದು ನಮ್ಮ ಕೈಯಲ್ಲೇ ಇತ್ತು.

ನಕ್ಷೆ ನೋಡುವಾಗ ಬರೀ ಹಸಿರು ನೋಡಬೇಡಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನು ಸಿಗಬಹುದಾದ ಜಾಗ ಗುರುತಿಸುವಾಗ ನೀರಿನ ಬಿಸಿಯನ್ನೂ ನೋಡುತ್ತದೆ. ತಣ್ಣೀರು, ಬಿಸಿನೀರು ಕೂಡುವ ಅಂಚಿನಲ್ಲಿ ಮೇವು ಒಟ್ಟಾಗುತ್ತದೆ. ಬಂಗುಡೆಯಂಥ ಮೀನಿಗೆ ಮೊದಲು ಅಲ್ಲಿ ಬಲೆ ಹಾಕಿ ನೋಡಿ.