ಗ್ರೂಪಿನಲ್ಲಿ ಮಾತು ನಿಲ್ಲಿಸಿದ ಸೆಟ್ಟರ್

ಪೀಣ್ಯ ಕೈಗಾರಿಕಾ ಪ್ರದೇಶದ ಬಿಡಿಭಾಗ ತಯಾರಿಕಾ ಘಟಕವೊಂದರಲ್ಲಿ ಇಪ್ಪತ್ತು ವರ್ಷಗಳಿಂದ ದುಡಿಯುತ್ತಿರುವ ಸಿಎನ್‌ಸಿ ಸೆಟ್ಟರ್ (ಕಂಪ್ಯೂಟರ್ ನಿಯಂತ್ರಿತ ಯಂತ್ರವನ್ನು ಕೆಲಸಕ್ಕೆ ಸಜ್ಜುಗೊಳಿಸುವವರು) ಒಬ್ಬರನ್ನು ಅವರ ಪತ್ನಿ ಆಪ್ತಸಮಾಲೋಚಕಿಯಾದ ನನ್ನ ಬಳಿ ಕರೆತಂದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯಿದೆ.) ರಾತ್ರಿ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಫೋನು ಸದ್ದು ಮಾಡಿದರೆ ಸಾಕು ಸಿಡುಕುತ್ತಾರೆ ಎಂಬುದು ಆಕೆಯ ದೂರು. ಪತಿ ಹೇಳಿದ್ದು ಇಷ್ಟೇ: “ಈ ಗ್ರೂಪು, ಲೈಕು ಎಲ್ಲ ನಮ್ಮಂಥೋರಿಗಲ್ಲ ಮೇಡಂ. ನಮ್ಮ ಪಾಡಿಗೆ ನಮ್ಮನ್ನ ಬಿಟ್ಟರೆ ಸಾಕು.”

ಕಾರ್ಖಾನೆಯಲ್ಲಿ ಎಲ್ಲ ಶಿಫ್ಟಿನವರನ್ನೂ ಸೇರಿಸಿ ಒಂದು ವಾಟ್ಸಾಪ್ ಗ್ರೂಪ್ ಮಾಡಿ, ಕೆಲಸ ಸುಧಾರಿಸುವ ಹೊಸ ಯೋಚನೆಗಳನ್ನು ಅದರಲ್ಲೇ ಹಾಕಬೇಕು, ಹೆಚ್ಚು ಮೆಚ್ಚುಗೆ ಪಡೆದದ್ದಕ್ಕೆ ತಿಂಗಳಿಗೊಂದು ಬಹುಮಾನ ಎಂದು ಆಡಳಿತ ಘೋಷಿಸಿತ್ತು. ಇವರು ಎಂಟು ತಿಂಗಳಿಂದ ಒಂದಕ್ಷರವನ್ನೂ ಹಾಕಿರಲಿಲ್ಲ. ‘ಹೊಸ ತಂತ್ರಜ್ಞಾನಕ್ಕೆ ಒಗ್ಗುವುದಿಲ್ಲ’ ಎಂದು ಮೇಲಿನವರು ಷರಾ ಬರೆದಿದ್ದರು.

ಆ ಷರಾವನ್ನು ಮೊದಲ ಭೇಟಿಯಲ್ಲಿ ನಾನೂ ನಂಬಿದೆ ಎಂದು ಒಪ್ಪಿಕೊಳ್ಳಬೇಕು. ಕಾಲೇಜಿಗೆ ಹೋಗುವ ಮಗಳಿಂದ ಟೈಪಿಂಗ್ ಕಲಿಯಿರಿ ಎಂದುಬಿಟ್ಟೆ. ಅವರು ಮಾತಾಡದೆ ಫೋನು ತೆಗೆದು ಮೇಜಿನ ಮೇಲಿಟ್ಟರು: ಊರಿನಲ್ಲಿರುವ ತಾಯಿಗೆ ದಿನವೂ ಕಳಿಸುವ ಧ್ವನಿ ಸಂದೇಶಗಳು, ಟೂಲ್ ಸಾಣೆ ಹಿಡಿಯುವುದನ್ನು ತೋರಿಸುವ ಹತ್ತಾರು ವಿಡಿಯೋಗಳು, ಹಾಲಿನವನಿಗೆ ಫೋನಿನಲ್ಲೇ ಹಣ ಕೊಟ್ಟ ಲೆಕ್ಕ. “ಬೆರಳಿಗೇನೂ ಆಗಿಲ್ಲ ಮೇಡಂ,” ಎಂದರು. ಜನ ಹೊಸ ತಂತ್ರಜ್ಞಾನವನ್ನು ಯಾಕೆ ಒಪ್ಪುತ್ತಾರೆ ಎಂಬುದರ ಕುರಿತು ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಳಸಲು ಸುಲಭವೇ ಎನ್ನುವುದಕ್ಕಿಂತ ಬಳಸಿದರೆ ತನ್ನ ಕೆಲಸಕ್ಕೆ ಉಪಯೋಗವಿದೆಯೇ ಎಂಬ ನಂಬಿಕೆಯೇ ಹೆಚ್ಚು ತೂಗಿತ್ತು. ಓದಿ ತಿಳಿದಿದ್ದ ಆ ಮಾತು ನನಗೆ ಆ ಹೊತ್ತಿಗೆ ನೆನಪಾಗಲಿಲ್ಲ.

ಎರಡನೆಯ ಭೇಟಿಯಲ್ಲಿ ನಡೆದದ್ದು ಹೊರಬಂತು. ಮೆಷಿನ್ನಿನಲ್ಲಿ ಜಾಬ್ (ಕೆತ್ತಬೇಕಾದ ಲೋಹದ ತುಂಡು) ಕೂರುವ ಪ್ಯಾಡಿನ ಅಂಚಿಗೆ ಲೋಹದ ಚೂರು ಸಿಕ್ಕಿಕೊಂಡರೆ ಜಾಬ್ ಕೂದಲೆಳೆಯಷ್ಟು ಎತ್ತರದಲ್ಲಿ ನಿಲ್ಲುತ್ತದೆ, ಅಳತೆ ತಪ್ಪುತ್ತದೆ. ಹಾಗಾಗಿ ಆಪರೇಟರ್ ಪ್ರತಿ ಸಲವೂ ಗಾಳಿ ಹೊಡೆದು ಒರೆಸಬೇಕು. ಪ್ಯಾಡಿನ ಸುತ್ತ ಸಣ್ಣದೊಂದು ಕಾಲುವೆ ಕೊರೆದರೆ ಚೂರು ಕೂಲೆಂಟಿನ (ತಂಪಾಗಿಡಲು ಹರಿಸುವ ದ್ರವದ) ಜೊತೆ ತಾನಾಗಿಯೇ ಹರಿದುಹೋಗುತ್ತದೆ ಎಂದು ಇವರಿಗೆ ಹೊಳೆಯಿತು. ಚಹಾದ ಹೊತ್ತಿನಲ್ಲಿ ಜೊತೆಗಿದ್ದ ಕಿರಿಯ ಎಂಜಿನಿಯರಿಗೆ ಸಿಗರೇಟು ಪ್ಯಾಕಿನ ಹಿಂಬದಿಯಲ್ಲಿ ಗೀಚಿ ತೋರಿಸಿದರು. ಅದೇ ವಾರ ಇವರು ಸೆಟ್ ಮಾಡಿದ ಬೇರೊಂದು ಲಾಟ್ ತಿರಸ್ಕೃತವಾಯಿತು. ಮ್ಯಾನೇಜರು ಆ ತುಂಡುಗಳ ಫೋಟೋವನ್ನು ಗ್ರೂಪಿಗೆ ಹಾಕಿ, “ಇದು ಯಾರ ಸೆಟ್ಟಿಂಗು?” ಎಂದು ಇವರ ಹೆಸರನ್ನೂ ಸೇರಿಸಿದರು. ಎಲ್ಲರೂ ನೋಡಿದರು, ಒಬ್ಬರೂ ಉಸಿರೆತ್ತಲಿಲ್ಲ. ಮೂರು ದಿನದ ಮೇಲೆ ಅದೇ ಗ್ರೂಪಿನಲ್ಲಿ ಆ ಕಾಲುವೆಯ ಯೋಚನೆ ಆ ಎಂಜಿನಿಯರ್ ಹುಡುಗನ ಹೆಸರಿನಲ್ಲಿ, ಇಂಗ್ಲಿಷಿನಲ್ಲಿ, ಅಂದವಾದ ಚಿತ್ರದೊಂದಿಗೆ ಬಂತು. ಬಹುಮಾನವೂ ಬಂತು.

ತಪ್ಪು ಹಿಡಿದು ಬೈಯುವ ಜಾಗವನ್ನೇ ಹೊಸತನ್ನು ಹೇಳುವ ಜಾಗವೂ ಮಾಡಿದರೆ, ಅನುಭವವಿದ್ದವರು ಮೊದಲು ಬಾಯಿ ಮುಚ್ಚುತ್ತಾರೆ, ಏಕೆಂದರೆ ಕಳೆದುಕೊಳ್ಳುವ ಮಾನ ಅವರಿಗೇ ಹೆಚ್ಚು. ಸಂಶೋಧಕಿ ಏಮಿ ಎಡ್ಮಂಡ್ಸನ್ 1999ರಲ್ಲಿ ಪ್ರಕಟಿಸಿದ ಅಧ್ಯಯನವೂ ತಯಾರಿಕಾ ಕಂಪನಿಯೊಂದರ 51 ತಂಡಗಳದ್ದೇ. ಮಾತಾಡಿದರೆ ಅವಮಾನವಾಗದು ಎಂಬ ಭರವಸೆಯಿದ್ದ ತಂಡಗಳು ತಪ್ಪನ್ನು ಚರ್ಚಿಸಿ ಕಲಿಯುವುದರಲ್ಲಿ ಮುಂದಿದ್ದವು. ಇವರ ಮುನಿಸು ಫೋನಿನ ಮೇಲಿನದಲ್ಲ, ಆ ಗ್ರೂಪಿನಲ್ಲಿ ತಮ್ಮನ್ನು ನೋಡುತ್ತಿದ್ದ ಕಣ್ಣುಗಳ ಮೇಲಿನದು.

ನಿದ್ದೆಯಿಂದಲೇ ಆರಂಭಿಸಿದೆವು: ಶಿಫ್ಟ್ ಮುಗಿದ ಮೇಲೆ ಗ್ರೂಪನ್ನು ಮ್ಯೂಟ್ ಮಾಡಿ ಫೋನನ್ನು ಅಡುಗೆಮನೆಯ ಶೆಲ್ಫಿನಲ್ಲಿಡುವುದು, ಎರಡು ವಾರದಲ್ಲಿ ಸುಧಾರಿಸದಿದ್ದರೆ ವೈದ್ಯರನ್ನು ಕಾಣುವುದು. ಹುಡುಗನ ಜೊತೆ ಮುಖಾಮುಖಿ ಮಾತಾಡಬೇಕೆಂದೂ, ‘ಕದ್ದೆ’ ಎನ್ನುವ ಬದಲು ‘ನನ್ನ ಹೆಸರು ಬಿಟ್ಟದ್ದು ನೋವಾಯಿತು’ ಎನ್ನಬೇಕೆಂದೂ ಸೂಚಿಸಿದೆ. ಆ ವಾಕ್ಯವನ್ನು ನನ್ನೆದುರೇ ನಾಲ್ಕು ಸಲ ಹೇಳಿ ನೋಡಿದರು. ಮುಂದಿನ ಯೋಚನೆಯನ್ನು ಬರೆಯುವ ಗೊಡವೆಗೆ ಹೋಗದೆ, ತಾಯಿಗೆ ಕಳಿಸುವ ಹಾಗೆ ಕನ್ನಡದಲ್ಲೇ ಧ್ವನಿ ಸಂದೇಶ ಮಾಡಿ, ಮೊದಲು ನಂಬಿಕೆಯ ಇಬ್ಬರಿಗೆ ಕಳಿಸಲು ಹೇಳಿದೆ. ಅವರ ಅನುಮತಿ ಪಡೆದು ಮಾನವ ಸಂಪನ್ಮೂಲ ವಿಭಾಗಕ್ಕೂ ಬರೆದೆ: ತಿರಸ್ಕೃತ ಜಾಬ್‌ಗಳ ವಿಚಾರಣೆ ಗ್ರೂಪಿನಿಂದ ಹೊರಗಿರಲಿ, ಯೋಚನೆಗಳಿಗೆ ಬೇರೆ ಗ್ರೂಪಿರಲಿ, ಮೊದಲು ಹೇಳಿದವರ ಹೆಸರು ದಾಖಲಾಗಲಿ, ಕೈಬಿಟ್ಟ ಸಲಹೆಗೆ ಕಾರಣ ತಿಳಿಸಲಿ. ಮೆಚ್ಚುಗೆಯ ಎಣಿಕೆಯನ್ನು ನಿಲ್ಲಿಸಿ ಎಂದೂ ಕೇಳಿದ್ದೆ. ಅದಕ್ಕೆ ಅವರು ಒಪ್ಪಲಿಲ್ಲ.

ಹುಡುಗ ಗ್ರೂಪಿನಲ್ಲಿ ಏನನ್ನೂ ತಿದ್ದಲಿಲ್ಲ. ಕ್ಯಾಂಟೀನಿನಲ್ಲಿ “ಸಾರಿ ಅಣ್ಣ” ಎಂದನಂತೆ. ನಾಲ್ಕನೆಯ ಭೇಟಿಗೆ ಬಂದಾಗ ಇವರು ಕೂಲೆಂಟ್ ಪೈಪಿನ ಕೋನದ ಬಗ್ಗೆ ಹೊಸ ಗ್ರೂಪಿಗೆ ಕಳಿಸಿದ ನಲವತ್ತು ಸೆಕೆಂಡಿನ ಸಂದೇಶವನ್ನು ಕೇಳಿಸಿದರು. ಅದರ ಕೆಳಗೆ ರಾತ್ರಿ ಪಾಳಿಯ ಆಪರೇಟರ್ ಒಬ್ಬನ ಉತ್ತರವಿತ್ತು: “ಅಣ್ಣ, ಹಂಗಿಟ್ಟರೆ ಬಾಗಿಲಿಗೆ ತಾಗ್ತದೆ, ಇನ್ನೊಂದಿಂಚು ಕೆಳಗಿಡಿ.” ಸಿಟ್ಟು ಬಂತೇ ಎಂದು ಕೇಳಿದೆ.

“ಬಂತು ಮೇಡಂ. ಆದರೆ ಅವನು ಹೇಳಿದ್ದೇ ಸರಿಯಿತ್ತು. ಬೆಳಗ್ಗೆ ಶಿಫ್ಟ್ ಬದಲಾಗೋವಾಗ ಇಬ್ಬರೂ ನಿಂತು ಪೈಪು ಬಗ್ಗಿಸಿದೆವು.”